ನಾಟಕದ ನಾಯಕ ಒಳ್ಳೆಯವನೇ ಆಗಿರಬೇಕೇ?

ಮುಖ್ಯ ಪಾತ್ರಕ್ಕೆ ನಾಯಕ ಎಂಬ ಹೆಸರು ಹೇಗೆ ಬಂತು, ಅವನು ಸದ್ಗುಣಿಯೇ ಆಗಿರಬೇಕೇ ಎಂದು ಕೇಳಿದ್ದೀರಿ. ಎರಡನೆಯದಕ್ಕೆ ಮೊದಲು ಉತ್ತರ: ಬೇಕಿಲ್ಲ. ಆ ಭ್ರಮೆಯನ್ನು ನಮಗೆ ಗಟ್ಟಿಯಾಗಿ ಅಂಟಿಸಿದ್ದು ಸಿನಿಮಾ.

ಸಂಸ್ಕೃತದ ‘ನೀ’ ಧಾತುವಿಗೆ ಒಯ್ಯು ಎಂದರ್ಥ. ಕಥೆಯನ್ನು ಫಲದ ತನಕ ಒಯ್ಯುವವನು ನಾಯಕ. ಹತ್ತನೆಯ ಶತಮಾನದಲ್ಲಿ ‘ದಶರೂಪಕ’ ಎಂಬ ನಾಟ್ಯಲಕ್ಷಣದ ಗ್ರಂಥ ಬರೆದ ಧನಂಜಯ ಫಲದ ಒಡೆತನವನ್ನೇ ‘ಅಧಿಕಾರ’ ಎಂದು ಕರೆದ. ಆ ಒಡೆಯನ ಕಥೆಯೇ ನಾಟಕದ ಮುಖ್ಯ ಕಥೆ. ಇದು ಕೇಳಲು ಸುಲಭ, ವಿಶಾಖದತ್ತನ ಸಂಸ್ಕೃತ ನಾಟಕ ‘ಮುದ್ರಾರಾಕ್ಷಸ’ಕ್ಕೆ ಅನ್ವಯಿಸಿ ನೋಡಿ. ಹೂಡಿದ ತಂತ್ರವೆಲ್ಲ ಚಾಣಕ್ಯನದು, ಸಿಂಹಾಸನ ಮಾತ್ರ ಚಂದ್ರಗುಪ್ತನದು. ನಾಯಕ ಯಾರು? ವಿದ್ವಾಂಸರ ಜಗಳ ಮುಗಿದಿಲ್ಲ. ನನ್ನ ಮತ ಚಾಣಕ್ಯನಿಗೆ.

ಇನ್ನು ಗುಣದ ಮಾತು. ನಾಯಕನಿಗೆ ವಿನಯ, ತ್ಯಾಗ, ಪ್ರಿಯವಾದ ಮಾತು ಎಂದು ಉದ್ದದ ಪಟ್ಟಿ ಕೊಟ್ಟ ಇದೇ ಧನಂಜಯ, ನಾಲ್ಕು ಬಗೆಯ ನಾಯಕರಲ್ಲಿ ಧೀರೋದ್ಧತನನ್ನೂ ಸೇರಿಸುತ್ತಾನೆ. ಅವನ ಲಕ್ಷಣ ದರ್ಪ, ಮತ್ಸರ, ಕಪಟ, ಬಡಾಯಿ!

ಗ್ರೀಕರ ‘ಪ್ರೊಟಗಾನಿಸ್ಟೀಸ್’ ಎಂಬ ಪದದಲ್ಲಂತೂ ಗುಣದ ಸುಳಿವೇ ಇಲ್ಲ. ಮೊದಲ ಸ್ಪರ್ಧಿ ಎಂದಷ್ಟೇ ಅರ್ಥ, ಅದೂ ಪಾತ್ರವನ್ನಲ್ಲ, ನಟನನ್ನು ಕುರಿತದ್ದು. ಅಥೆನ್ಸಿನಲ್ಲಿ ನಾಟಕವೆಂದರೆ ಡಯೋನೈಸಸ್ ದೇವರ ಹಬ್ಬದ ಪಂದ್ಯ. ನಾಟಕಕಾರ ಈಸ್ಕಿಲಸ್ ಎರಡನೆಯ ನಟನನ್ನು ತಂದ, ಅವನ ನಂತರದ ಸೋಫೋಕ್ಲಿಸ್ ಮೂರನೆಯವನನ್ನು. ಅಷ್ಟೇ ಜನ ಎಲ್ಲ ಪಾತ್ರಗಳನ್ನೂ ಹಂಚಿಕೊಳ್ಳಬೇಕು. ಸೋಫೋಕ್ಲಿಸನ ‘ಅಯಾಸ್’ ನಾಟಕದಲ್ಲಿ ವೀರ ಅಯಾಸ್ ನಡುವೆಯೇ ಸಾಯುತ್ತಾನೆ. ಮೊದಲ ನಟ ಮುಖವಾಡ ಬದಲಿಸಿ ಅವನ ತಮ್ಮನಾಗಿ ಮರಳುತ್ತಿದ್ದ ಎಂಬುದು ವಿದ್ವಾಂಸರ ಊಹೆ. ಬಿ.ಎಂ.ಶ್ರೀ. ಆ ನಾಟಕವನ್ನೇ ‘ಅಶ್ವತ್ಥಾಮನ್’ ಆಗಿಸಿದರು. ಮಲಗಿದ್ದವರನ್ನು ಕೊಂದವನು ಕನ್ನಡದ ರಂಗದಲ್ಲಿ ನಾಯಕನಾದ. ಚಿರಂಜೀವಿಯನ್ನು ಸಾಯಿಸಿದರೆಂಬ ಆಕ್ಷೇಪವೂ ಬಂತು.

ಯಕ್ಷಗಾನದ ಬಡಗಣ ಶೈಲಿಯಾದ ಬಡಗುತಿಟ್ಟಿನವರ ಲೆಕ್ಕವೇ ಬೇರೆ. ಚಿಕ್ಕವನಿದ್ದಾಗ ಬಯಲಾಟದ ಚಾಪೆಯ ಮೇಲೆ ನಿದ್ದೆ ಹೋಗಿದ್ದೆ. “ಏಳು, ಎರಡನೇ ವೇಷ ಬಂತು” ಎಂದು ಅಜ್ಜ ಎಬ್ಬಿಸಿದರು. ಮೊದಲನೆಯದು ತಪ್ಪಿಹೋಯಿತಲ್ಲ ಎಂದು ನಾನು ಅಳತೊಡಗಿದೆ. ಅಲ್ಲಿ ಪ್ರಸಂಗದ ಮುಖ್ಯ ಪಾತ್ರ ಮಾಡುವವರನ್ನೇ ಎರಡನೇ ವೇಷಧಾರಿ ಎನ್ನುತ್ತಾರೆಂದು ನನಗೇನು ಗೊತ್ತು? ಅಜ್ಜ ತಾಳ ಹಿಡಿದು ಹಾಡುತ್ತಿದ್ದ ಭಾಗವತರತ್ತ ಬೆರಳು ತೋರಿಸಿ, “ಮೊದಲನೆಯವರು ಅಗೋ, ಸಂಜೆಯಿಂದ ಅಲ್ಲೇ ಕೂತಿದ್ದಾರೆ” ಎಂದರು.