ಕಂಪನಿ ಮೊದಲೋ, ಒಟ್ಟಿಗೆ ಮಾರುವುದು ಮೊದಲೋ?

ಪ್ರಶ್ನೆ: ಶ್ರೀನಿವಾಸಪುರ ತಾಲ್ಲೂಕಿನ ನಮ್ಮ ಊರಿನಲ್ಲಿ 22 ಕುಟುಂಬಗಳು ಅರ್ಧ, ಒಂದು ಎಕರೆಯಲ್ಲಿ ಟೊಮೆಟೊ, ಬೀನ್ಸ್ ಬೆಳೆಯುತ್ತೇವೆ. ಪ್ರತಿಯೊಬ್ಬರೂ ಬೇರೆ ಬೇರೆಯಾಗಿ ಕೋಲಾರದ ಮಾರುಕಟ್ಟೆಗೆ ಒಯ್ಯುವುದರಿಂದ ಬಾಡಿಗೆಯೇ ಹೊರೆಯಾಗಿದೆ. ರೈತ ಉತ್ಪಾದಕರ ಕಂಪನಿ ಮಾಡಿಕೊಂಡರೆ ಒಳ್ಳೆಯ ಬೆಲೆ ಸಿಗುತ್ತದೆಯೇ?

ಉತ್ತರ: ನೋಂದಣಿ ಮಾಡಿಸಿದ ಮಾತ್ರಕ್ಕೆ ಬೆಲೆ ಏರುವುದಿಲ್ಲ. ಹತ್ತು ಮಂದಿ ಬೆಳೆಗಾರರಿದ್ದರೆ ಕಾನೂನಿನಂತೆ ಉತ್ಪಾದಕರ ಕಂಪನಿ ಸ್ಥಾಪಿಸಬಹುದು, ಷೇರು ಎಷ್ಟಿದ್ದರೂ ರೈತ ಸದಸ್ಯರಿಗೆ ತಲಾ ಒಂದೇ ಮತ. ಆದರೆ ಲೆಕ್ಕಪರಿಶೋಧನೆ, ವಾರ್ಷಿಕ ವರದಿಗಳ ಖರ್ಚು ಪ್ರತಿವರ್ಷವೂ ಇದ್ದೇ ಇರುತ್ತದೆ. ಮೊದಲು ಒಂದು ಹಂಗಾಮು ಟೊಮೆಟೊವನ್ನು ಮಾತ್ರ ಒಟ್ಟಿಗೆ ಮಾರಿ ನೋಡುವುದು ಮೇಲು. ಬೀನ್ಸ್ ಆಮೇಲೆ ಸೇರಿಸಿಕೊಳ್ಳಬಹುದು.

ಬಾಡಿಗೆಯ ಉಳಿತಾಯ ಮೊದಲ ದಿನವೇ ಕಾಣುತ್ತದೆ, ಬೆಲೆಯ ಲಾಭ ಬರುವುದು ವಿಂಗಡಣೆಯಿಂದ. ಹದಿನೈದು ಕಿಲೋ ಕ್ರೇಟಿನಲ್ಲಿ ಮೇಲೆ ದಪ್ಪ ಹಣ್ಣು, ಅಡಿಯಲ್ಲಿ ಸಣ್ಣವೂ ಬಿರುಕು ಬಿಟ್ಟವೂ ಇದ್ದರೆ, ಹರಾಜಿಗೆ ಮುನ್ನ ಕೈ ಹಾಕಿ ಕೆದಕುವ ವ್ಯಾಪಾರಿ ಆ ಸಾಲಿಗೆಲ್ಲ ಬೆಲೆ ಇಳಿಸುತ್ತಾನೆ. ಒಬ್ಬರ ಜಾಣತನಕ್ಕೆ ಎಲ್ಲರೂ ದಂಡ ತೆರಬೇಕಾಗುತ್ತದೆ. ಆದ್ದರಿಂದ ಊರಿನಲ್ಲೇ ಒಂದು ನೆರಳಿನ ಜಾಗದಲ್ಲಿ, ಬೆಳೆದವರಲ್ಲದ ಇನ್ನೊಬ್ಬರ ಕೈಯಿಂದ ಗಾತ್ರ ಮತ್ತು ಬಣ್ಣ ನೋಡಿ ವಿಂಗಡಿಸಿ, ದೂರ ಹೋಗುವ ಲೋಡಿಗೆ ಆಗತಾನೇ ಬಣ್ಣ ತಿರುಗುತ್ತಿರುವ ಗಟ್ಟಿ ಕಾಯಿಗಳನ್ನು ಬೇರೆ ಇಡಿ. ಒಂದೇ ಬೆಳಿಗ್ಗೆ ಹರಾಜಿನ ದರ ಏರಿಳಿಯುವುದರಿಂದ, ಆ ದಿನ ಒಂದೊಂದು ದರ್ಜೆಗೆ ಸಿಕ್ಕ ಸರಾಸರಿ ಬೆಲೆಯನ್ನೇ ಆ ದರ್ಜೆ ಕೊಟ್ಟವರೆಲ್ಲರಿಗೂ ಹಂಚಿ, ಮಂಡಿಯವರು, ಅಂದರೆ ಮಾರುಕಟ್ಟೆಯಲ್ಲಿ ಕಮಿಷನ್ ಪಡೆದು ಮಾಲು ಮಾರಿಸಿಕೊಡುವವರು, ಬರೆದುಕೊಟ್ಟ ಮಾರಾಟದ ಪಟ್ಟಿಯನ್ನು ಎಲ್ಲರಿಗೂ ತೋರಿಸಿ.

ಇಂಥ ಗುಂಪುಗಳು ಒಡೆಯುವುದು ಹೆಚ್ಚಾಗಿ ಬೆಲೆ ಏರಿದಾಗ. ಹೊಲಕ್ಕೇ ಬಂದ ವ್ಯಾಪಾರಿ ಎರಡು ರೂಪಾಯಿ ಹೆಚ್ಚು ಕೊಟ್ಟರೆ ಸದಸ್ಯರು ಅತ್ತ ವಾಲುತ್ತಾರೆ, ಅದು ಅಸಹಜವೇನಲ್ಲ. ಅದಕ್ಕಿಂತ ಬಿಗಿಯಾದ ಗಂಟು ಮಂಡಿಯವರಿಂದ ಬೀಜ, ಗೊಬ್ಬರ, ಔಷಧಿಗೆಂದು ಪಡೆದ ಮುಂಗಡ. ಅದು ತೀರುವವರೆಗೆ ಮಾಲು ಅವರ ಮಂಡಿಗೇ ಹೋಗಬೇಕಾಗುತ್ತದೆ. ನಿಮ್ಮ 22 ಮನೆಗಳಲ್ಲಿ ಯಾರ ಮೇಲೆ ಎಷ್ಟು ಮುಂಗಡವಿದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಮೊದಲೇ ಬರೆದುಕೊಳ್ಳಿ, ಅಂಥವರು ಸದ್ಯಕ್ಕೆ ಇಳುವರಿಯ ಅರ್ಧವನ್ನಷ್ಟೇ ಗುಂಪಿಗೆ ಕೊಟ್ಟರೂ ಸಾಕೆಂದು ಒಪ್ಪಿಕೊಳ್ಳಿ. ದೊಡ್ಡ ಖರೀದಿದಾರರು ಹಣ ಕೊಡಲು ವಾರ ಕಾಯಿಸಬಹುದು, ಕೊಯ್ಲಿನ ಕೂಲಿಯಾದರೋ ಅಂದೇ ಕೊಡಬೇಕು. ಆ ನಡುವಿನ ಅವಧಿಗೆ ಸಣ್ಣದೊಂದು ನಿಧಿ ಕೂಡಿಡದೆ ಮಂಡಿಯ ಹೊರಗೆ ಮಾರಲು ಹೊರಡಬೇಡಿ.

ಕೇಂದ್ರವು 2020ರಲ್ಲಿ ಆರಂಭಿಸಿದ 10,000 ರೈತ ಉತ್ಪಾದಕ ಸಂಸ್ಥೆಗಳ (ಇಂಥ ಕಂಪನಿಗಳೂ ಇದರಲ್ಲಿ ಸೇರುತ್ತವೆ) ಯೋಜನೆಯು ಸದಸ್ಯರೊಬ್ಬರಿಗೆ 2,000 ರೂಪಾಯಿವರೆಗೆ ಷೇರು ಬಂಡವಾಳಕ್ಕೆ ಅನುದಾನ ಇಟ್ಟಿದ್ದರೂ, ಬಯಲು ಪ್ರದೇಶದಲ್ಲಿ ಕನಿಷ್ಠ 300 ಸದಸ್ಯರನ್ನು ಕೇಳಿತ್ತು. ಹಾಗಾಗಿ ಹಂಗಾಮು ಮುಗಿದ ಮೇಲೂ ಗುಂಪು ಉಳಿದಿದ್ದರೆ, ತಾಲ್ಲೂಕಿನಲ್ಲಿ ಈಗಾಗಲೇ ಇರುವ ಸಂಸ್ಥೆಗಳ ವಿವರವನ್ನು ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ, ಅವುಗಳ ಹಿಂದಿನ ವರ್ಷದ ಲೆಕ್ಕಪತ್ರ ನೋಡಿ ಸೇರುವುದು ಹೊಸ ಕಂಪನಿ ಕಟ್ಟುವುದಕ್ಕಿಂತ ಸುಲಭ.