ರಾತ್ರಿ ಪೊಲೀಸರು ನಿಲ್ಲಿಸಿದರೆ ಡಿಕ್ಕಿ ತೆಗೆಯಲೇಬೇಕಾ?

ವಿರಾಜಪೇಟೆ ಕಡೆಯಿಂದ ಬರುವಾಗ ರಾತ್ರಿ ಪೊಲೀಸರು ಕಾರು ನಿಲ್ಲಿಸಿ, ಡಿಕ್ಕಿ, ಬ್ಯಾಗು ಎಲ್ಲಾ ತೆಗೆಸಿ ನೋಡಿದರು, ವಾರಂಟ್ ಇಲ್ಲದೆ ಹಾಗೆ ಮಾಡಬಹುದಾ ಅಂತ ಕೇಳಿದ್ದೀರಿ. ನಾನು ವಕೀಲನಲ್ಲ. ಗೋಣಿಕೊಪ್ಪದಿಂದ ಪಿಕಪ್‌ನಲ್ಲಿ ಕಾಫಿ, ಕರಿಮೆಣಸು ಸಾಗಿಸುವವನು. ಕೊಡಗಿನ ಕುಟ್ಟ, ಮಾಕುಟ್ಟ, ಸಂಪಾಜೆ, ಆನೆಚೌಕೂರು ಚೆಕ್‌ಪೋಸ್ಟ್ ಗೇಟುಗಳನ್ನು ದಾಟಿ ದಾಟಿ ಕಲಿತದ್ದನ್ನು ಹೇಳುತ್ತೇನೆ.

ಗಾಡಿ ನಿಲ್ಲಿಸಿ ದಾಖಲೆ ಕೇಳುವುದು ಬೇರೆ, ಒಳಗೆ ಹುಡುಕುವುದು ಬೇರೆ. ಸಮವಸ್ತ್ರದಲ್ಲಿರುವ ಪೊಲೀಸರು ಕೇಳಿದರೆ ಲೈಸೆನ್ಸ್ ತೋರಿಸಲೇಬೇಕು. ಮೋಟಾರು ವಾಹನ ಕಾಯ್ದೆಯ 130ನೇ ಸೆಕ್ಷನ್ ಅದನ್ನೇ ಹೇಳುತ್ತದೆ. 2018ರಿಂದ ಡಿಜಿಲಾಕರ್‌ನಲ್ಲಿ ತೋರಿಸಿದರೂ ಸಾಕು. ಆದರೆ ಕಾಡಿನ ದಾರಿಯಲ್ಲಿ ನೆಟ್‌ವರ್ಕ್ ಎಲ್ಲಿ ಸಿಗುತ್ತೆ? ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಎಲ್ಲಾ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಳ್ಳಿ. ಕೀ ಮಾತ್ರ ಕಿತ್ತುಕೊಳ್ಳುವಂತಿಲ್ಲ. 2025ರಲ್ಲಿ ಮಂಡ್ಯದಲ್ಲಿ ಪೊಲೀಸರು ಬೈಕ್ ತಡೆದಾಗ ಒಂದು ಮಗು ಸತ್ತು ಹೋಯಿತಲ್ಲ, ಆಮೇಲೆ ಪೊಲೀಸ್ ಮಹಾನಿರ್ದೇಶಕರೇ ಈ ಸೂಚನೆ ಕೊಟ್ಟಿದ್ದಾರೆ.

ಇನ್ನು ಹುಡುಕುವ ವಿಷಯ. ವಾರಂಟ್ ಇಲ್ಲದೆ ಮುಟ್ಟುವಂತಿಲ್ಲ ಅಂತ ಸುಮಾರು ಜನ ಹೇಳುತ್ತಾರೆ. ಅದು ಸರಿಯಲ್ಲ. ಕಾನೂನಿನ ಲೆಕ್ಕದಲ್ಲಿ ಗಾಡಿಯೂ ಮನೆಯ ಹಾಗೆ ಒಂದು 'ಸ್ಥಳ'. ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 185ನೇ ಸೆಕ್ಷನ್ ಪ್ರಕಾರ, ಒಂದು ಕೇಸಿನ ತನಿಖೆಗಾಗಿ ಠಾಣಾಧಿಕಾರಿ ಅಥವಾ ತನಿಖಾಧಿಕಾರಿ ವಾರಂಟ್ ಇಲ್ಲದೆಯೂ ಹುಡುಕಬಹುದು. ಆದರೆ ಮೊದಲು ಕಾರಣ ಬರೆದಿಡಬೇಕು. ತಾವೇ ಬರಲಾಗದಿದ್ದರೆ ಕೆಳಗಿನವರಿಗೆ ಲಿಖಿತ ಆದೇಶ ಕೊಡಬೇಕು. ಹುಡುಕುವುದನ್ನು ವಿಡಿಯೋ ಮಾಡಬೇಕು ಅನ್ನುವುದೂ 2024ರ ಜುಲೈ 1ರಿಂದ ಬಂದಿದೆ. ಗಾಂಜಾ ಸಂಶಯ ಇದ್ದರೆ ಬೇರೆ ಕಾಯ್ದೆ, ಅಧಿಕಾರವೂ ಜಾಸ್ತಿ. ಅಲ್ಲೂ ಬರಹ ತಪ್ಪುವುದಿಲ್ಲ. ಹರಿಯಾಣದ ಬೂಟಾ ಸಿಂಗ್ ಕೇಸಿನಲ್ಲಿ ಖಾಸಗಿ ಜೀಪಿನಲ್ಲಿ ಮಾಲು ಸಿಕ್ಕಿತ್ತು. ಆದರೂ ಬಂದ ಮಾಹಿತಿಯನ್ನು ಬರೆದಿಟ್ಟಿರಲಿಲ್ಲ ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಆರೋಪಿಗಳನ್ನು ಬಿಟ್ಟಿತು.

ನನಗೆ ಇದೆಲ್ಲ ತಡವಾಗಿ ಗೊತ್ತಾಯಿತು. ಒಂದು ಮಾರ್ಚ್ ರಾತ್ರಿ, ಗಾಂಜಾ ಇದೆ ಅಂತ ಆರು ಚೀಲದ ಹೊಲಿಗೆ ಕತ್ತರಿಸಿ, ಮೊಣಕೈವರೆಗೆ ಕೈ ಹಾಕಿ ನೋಡಿದರು. ಮೆಣಸು ಟಾರಿನ ಮೇಲೆ ಚೆಲ್ಲಿತು. ಏನೂ ಸಿಗಲಿಲ್ಲ, "ಹೋಗು" ಅಂದರು. ಟಾರ್ಚ್ ಬೆಳಕಿನಲ್ಲಿ ನಾನು ಮೆಣಸು ಬಾಚುವಾಗ ಒಬ್ಬ ಹುಡುಗ ಕಾನ್ಸ್‌ಟೇಬಲ್ ಮಾತ್ರ ಬಗ್ಗಿ ಕೈಜೋಡಿಸಿದ. ಕಲ್ಲು ಸೇರಿದೆ ಅಂತ ವ್ಯಾಪಾರಿ ರೇಟು ಇಳಿಸಿದರು. ಯಾರ ಹೆಸರೂ ಬರೆದುಕೊಂಡಿರಲಿಲ್ಲ, ಚೀಟಿಯೂ ಇರಲಿಲ್ಲ. ದೂರು ಕೊಡಲು ಕೈಯಲ್ಲಿ ಏನೂ ಇಲ್ಲ.

ಹಾಗಾಗಿ ಈಗ ಅಡ್ಡ ನಿಲ್ಲುವುದಿಲ್ಲ, ಜಗಳವೂ ಇಲ್ಲ. "ಸಾರ್, ಯಾವ ಕೇಸು? ಮಹಜರು ಬರೀತೀರಾ?" ಅಂತ ಮೆಲ್ಲಗೆ ಕೇಳುತ್ತೇನೆ. ಎದೆಯ ಮೇಲಿನ ಹೆಸರು, ಹೊತ್ತು ಬರೆದುಕೊಳ್ಳುತ್ತೇನೆ. ಹೆಣ್ಣುಮಕ್ಕಳ ಮೈ ತಪಾಸಣೆ ಮಹಿಳಾ ಪೊಲೀಸರೇ ಮಾಡಬೇಕು, ಅಲ್ಲಿ ಮಾತ್ರ ಬಿಟ್ಟುಕೊಡಬೇಡಿ. ಗಾಡಿಯಲ್ಲಿ ಕೋವಿ ಇದ್ದರೆ ವಿನಾಯಿತಿ ಪತ್ರ ಜೊತೆಗಿರಲಿ. ಕೊಡವರಿಗೂ ಜಮ್ಮಾ (ಕೊಡಗಿನ ಹಳೆಯ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ 2029ರವರೆಗೆ ಲೈಸೆನ್ಸ್ ಬೇಡ, ಆದರೆ ಅದನ್ನು ತೋರಿಸುವ ಕಾಗದ ಬೇಕೇ ಬೇಕು.

ನಿಮ್ಮಿಂದ ಏನಾದರೂ ಸಹಿ ಹಾಕಿಸಿಕೊಂಡರಾ? 185ರ ಕೆಳಗೆ ಹುಡುಕಿದ್ದರೆ ಆ ಬರಹದ ನಕಲು 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಹೋಗಿರಬೇಕು. ಅಲ್ಲಿ ಅರ್ಜಿ ಕೊಟ್ಟರೆ ನಿಮಗೂ ಪುಕ್ಕಟೆ ಕೊಡುತ್ತಾರೆ. ನಾಳೆಯೇ ಹೋಗಿ ಕೇಳಿ.