ಬೇಗ ಗೊತ್ತಾದರೆ ಒಳ್ಳೆಯದಲ್ವಾ?

ದಾವಣಗೆರೆಯ ಓದುಗರೊಬ್ಬರಿಗೆ ನಮ್ಮ ಹೋದ ಸಂಚಿಕೆಯ ಬರಹ ಬೇಸರ ತರಿಸಿದೆ. ಮೈಯಲ್ಲಿ ಯಾವ ತೊಂದರೆಯೂ ಇಲ್ಲದವರು ಸಿಕ್ಕಿದ ಸ್ಕ್ಯಾನಿಂಗನ್ನೆಲ್ಲ ಮಾಡಿಸಬೇಕಿಲ್ಲ ಎಂದು ಅದರಲ್ಲಿ ಬರೆದಿದ್ದೆವು. ಅವರ ಬಡಾವಣೆಯ ಸಂಘ ಎಲ್ಲರಿಗೂ ‘ಫುಲ್ ಬಾಡಿ ಚೆಕಪ್’ ಪ್ಯಾಕೇಜ್ ಮಾಡಿಸಿತಂತೆ. ಆಗ 46 ವರ್ಷದ ಅವರ ಪತ್ನಿಯ ಥೈರಾಯ್ಡ್ ಗ್ರಂಥಿಯಲ್ಲಿ 6 ಮಿಲಿಮೀಟರಿನ ಗಂಟು ಕಂಡಿದೆ. “ಚೆಕಪ್ ಮಾಡಿಸದಿದ್ದರೆ ನಮಗೆ ತಿಳಿಯುತ್ತಲೇ ಇರಲಿಲ್ಲ. ಮನೆಯಲ್ಲಿ ಎಲ್ಲರೂ ಆಪರೇಷನ್ ಮಾಡಿಸಿ ಅನ್ನುತ್ತಿದ್ದಾರೆ. ಕ್ಯಾನ್ಸರ್ ಬೇಗ ಗೊತ್ತಾದರೆ ಒಳ್ಳೆಯದಲ್ವಾ? ನೀವು ಜನರನ್ನು ಪರೀಕ್ಷೆಯಿಂದ ದೂರ ಮಾಡುತ್ತಿದ್ದೀರಿ” ಎಂದು ಬರೆದಿದ್ದಾರೆ.

ಆತ್ಮೀಯರೇ,

ನಿಮ್ಮ ಮನೆಯಲ್ಲಿ ಈಗ ಎಷ್ಟು ಆತಂಕ ಇದೆ ಎಂದು ಊಹಿಸಬಲ್ಲೆ. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ನಿಗೆ ಆಗಿರುವಂಥದ್ದೇ ಒಂದು ದೇಶಕ್ಕೆ ದೇಶವೇ ಅನುಭವಿಸಿತು. ಅದು ದಕ್ಷಿಣ ಕೊರಿಯಾ.

ಅಲ್ಲಿನ ಸರ್ಕಾರ 1999ರಲ್ಲಿ ರಾಷ್ಟ್ರೀಯ ಕ್ಯಾನ್ಸರ್ ತಪಾಸಣೆ ಶುರು ಮಾಡಿತು. ಥೈರಾಯ್ಡ್ ಅದರ ಪಟ್ಟಿಯಲ್ಲಿ ಇರಲಿಲ್ಲ. ಆದರೆ ಆಸ್ಪತ್ರೆಗಳು ‘ಹೇಗೂ ಬಂದಿದ್ದೀರಿ, ಇದನ್ನೂ ಮಾಡಿಸಿ’ ಎಂದು ಕತ್ತಿನ ಸ್ಕ್ಯಾನಿಂಗನ್ನು ಜೊತೆಗೆ ಸೇರಿಸಿದವು. ಖರ್ಚು 30ರಿಂದ 50 ಡಾಲರ್, ನೋವಿಲ್ಲ, ಕೆಲವೇ ನಿಮಿಷದ ಕೆಲಸ. ಬೇಡ ಅನ್ನುವವರು ಯಾರು? 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 1993ಕ್ಕಿಂತ 15 ಪಟ್ಟು ಏರಿತ್ತು. ಆ ಒಂದೇ ವರ್ಷ 40,000ಕ್ಕೂ ಹೆಚ್ಚು ಜನರಿಗೆ ‘ನಿಮಗೆ ಕ್ಯಾನ್ಸರ್ ಇದೆ’ ಎಂದು ಹೇಳಲಾಯಿತು. ಆದರೆ ಈ ಕಾಯಿಲೆಯಿಂದ ಸಾಯುವವರ ಸಂಖ್ಯೆ ಮೊದಲು ಎಷ್ಟಿತ್ತೋ ಅಷ್ಟೇ ಇತ್ತು. ವರ್ಷಕ್ಕೆ ಮುನ್ನೂರು, ನಾನೂರು.

ಬೇಗ ಹುಡುಕಿದ್ದರಿಂದ ಜೀವ ಉಳಿದಿದ್ದರೆ ಸಾವು ಇಳಿಯಬೇಕಿತ್ತು. ಇಳಿಯಲಿಲ್ಲ. ಹುಡುಕಿ ತೆಗೆದ ಆ ಗಂಟುಗಳಲ್ಲಿ ಬಹುಪಾಲು ಯಾರನ್ನೂ ಕೊಲ್ಲುವಂಥವು ಆಗಿರಲಿಲ್ಲ. ಫಿನ್ಲೆಂಡಿನ ವೈದ್ಯರು 1985ರಲ್ಲೇ ಇದರ ಸುಳಿವು ಕೊಟ್ಟಿದ್ದರು. ಬೇರೆ ಬೇರೆ ಕಾರಣಕ್ಕೆ ತೀರಿಕೊಂಡ 101 ಜನರ ಥೈರಾಯ್ಡ್ ಗ್ರಂಥಿಯನ್ನು ಎರಡೂವರೆ ಮಿಲಿಮೀಟರ್ ದಪ್ಪದ ಹೋಳುಗಳಾಗಿ ಕತ್ತರಿಸಿ ನೋಡಿದರು. 36 ಜನರಲ್ಲಿ ಸಣ್ಣ ಕ್ಯಾನ್ಸರ್ ಸಿಕ್ಕಿತು. ಅದನ್ನು ಮೈಯಲ್ಲಿ ಇಟ್ಟುಕೊಂಡೇ ಅವರು ಬದುಕು ಮುಗಿಸಿದ್ದರು.

‘ಇರಲಿ, ತೆಗೆಸಿದರೆ ನಷ್ಟವೇನು’ ಎಂದು ನಿಮ್ಮ ನೆಂಟರು ಕೇಳಬಹುದು. ನಷ್ಟ ಇದೆ. ಈ ಮಾತು ನಮ್ಮಲ್ಲಿ ತುಂಬ ಕಡಿಮೆ ಕೇಳಿಬರುತ್ತದೆ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಥೈರಾಯ್ಡ್‌ನ ಬೆನ್ನಿಗೆ ಅಂಟಿಕೊಂಡು ಅಕ್ಕಿಕಾಳಿನಷ್ಟು ಪುಟ್ಟದಾದ ನಾಲ್ಕು ಗ್ರಂಥಿಗಳಿರುತ್ತವೆ. ಹೆಸರು ಪ್ಯಾರಾಥೈರಾಯ್ಡ್. ರಕ್ತದಲ್ಲಿ ಕ್ಯಾಲ್ಸಿಯಂ ಎಷ್ಟಿರಬೇಕು ಎಂದು ನೋಡಿಕೊಳ್ಳುವುದು ಅವುಗಳ ಕೆಲಸ. ಆಪರೇಷನ್ನಿನಲ್ಲಿ ಅವಕ್ಕೆ ಪೆಟ್ಟಾದರೆ ಬೆರಳ ತುದಿ, ತುಟಿಯ ಸುತ್ತ ಜುಮುಜುಮು ಅನ್ನುತ್ತದೆ, ಕೈಕಾಲು ಸೆಟೆದುಕೊಳ್ಳುತ್ತವೆ. ಅದು ಹಾಗೇ ಉಳಿದುಬಿಟ್ಟರೆ ಜೀವನಪೂರ್ತಿ ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆ ಬೇಕು. ಅಲ್ಲೇ ಪಕ್ಕದಲ್ಲಿ ಧ್ವನಿಗೆ ಹೋಗುವ ನರ ಇದೆ. ಅದಕ್ಕೆ ಏಟು ಬಿದ್ದರೆ ದನಿ ಒಡೆಯುತ್ತದೆ. ಕೊರಿಯಾದಲ್ಲಿ ಆಪರೇಷನ್ ಆದ 15,000ಕ್ಕೂ ಹೆಚ್ಚು ಜನರ ವಿಮೆ ದಾಖಲೆ ತೆಗೆದು ನೋಡಿದಾಗ ಶೇ. 11ರಷ್ಟು ಜನರಿಗೆ ಕ್ಯಾಲ್ಸಿಯಂ ತೊಂದರೆ, ಶೇ. 2ರಷ್ಟು ಜನರಿಗೆ ಧ್ವನಿತಂತು ಸೋತದ್ದು ಕಂಡಿತು. ಇಡೀ ಗ್ರಂಥಿ ತೆಗೆಸಿದವರಿಗಂತೂ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ ತಪ್ಪಿದ್ದಲ್ಲ. ಇವರಲ್ಲಿ ಹೆಚ್ಚಿನವರು ಆಸ್ಪತ್ರೆಗೆ ಕಾಲಿಟ್ಟಾಗ ಗಟ್ಟಿಮುಟ್ಟಾಗಿದ್ದವರು. ನನ್ನನ್ನು ಕಾಡುವುದು ಅದೇ.

2014ರಲ್ಲಿ ಅಲ್ಲಿನ ಎಂಟು ವೈದ್ಯರು ಒಟ್ಟಾಗಿ ಈ ಸ್ಕ್ಯಾನಿಂಗ್ ನಿಲ್ಲಿಸಿ ಎಂದು ಬಹಿರಂಗವಾಗಿ ಹೇಳಿದರು. ಒಂದೇ ವರ್ಷದಲ್ಲಿ ಥೈರಾಯ್ಡ್ ಆಪರೇಷನ್ ಶೇ. 35ರಷ್ಟು ಇಳಿಯಿತು. ತಮ್ಮದೇ ವೃತ್ತಿಯವರ ಎದುರು ನಿಂತು ಹೀಗೆ ಹೇಳಲು ಧೈರ್ಯ ಬೇಕು.

ಈಗ ನಿಮ್ಮ ಪತ್ನಿಯ ವಿಷಯ. ಥೈರಾಯ್ಡ್ ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರೇ ಅಲ್ಲ. 1 ಸೆಂಟಿಮೀಟರಿಗಿಂತ ಚಿಕ್ಕ ಗಂಟಿಗೆ, ಬೇರೆ ಅನುಮಾನ ಇಲ್ಲದಿದ್ದರೆ, ಸಾಮಾನ್ಯವಾಗಿ ಸೂಜಿ ಪರೀಕ್ಷೆಯೂ (ಸೂಜಿಯಿಂದ ಗಂಟಿನ ಚೂರು ತೆಗೆದು ನೋಡುವುದು) ಬೇಡ ಅನ್ನುತ್ತಾರೆ. ಒಂದು ವೇಳೆ ಅದು ಸಣ್ಣ ಕ್ಯಾನ್ಸರೇ ಆಗಿದ್ದರೂ ಕಾದು ನೋಡುವ ದಾರಿ ಇದೆ. ಜಪಾನಿನ ಕೋಬೆಯಲ್ಲಿರುವ ಕುಮಾ ಆಸ್ಪತ್ರೆ 1993ರಿಂದ ಆ ದಾರಿ ಹಿಡಿದಿದೆ. ಅವರು 2014ರಲ್ಲಿ ವರದಿ ಮಾಡಿದ 1,235 ರೋಗಿಗಳಿಗೆ ಆಪರೇಷನ್ ಮಾಡದೆ ಆಗಾಗ ಸ್ಕ್ಯಾನಿಂಗ್ ಮಾಡುತ್ತ ಬಂದರು. ಹತ್ತು ವರ್ಷದಲ್ಲಿ ಗಂಟು 3 ಮಿಲಿಮೀಟರ್ ಬೆಳೆದದ್ದು ಶೇ. 8ರಷ್ಟು ಜನರಲ್ಲಿ ಮಾತ್ರ. ಆ ಕ್ಯಾನ್ಸರಿನಿಂದ ಒಬ್ಬರೂ ಸಾಯಲಿಲ್ಲ. ರಿಪೋರ್ಟ್ ತೆಗೆದುಕೊಂಡು ಒಬ್ಬ ಎಂಡೋಕ್ರಿನಾಲಜಿಸ್ಟ್, ಅಂದರೆ ಹಾರ್ಮೋನು ತಜ್ಞರ ಹತ್ತಿರ ಹೋಗಿ. ಸ್ಕ್ಯಾನಿಂಗ್‌ನಲ್ಲಿ ಅನುಮಾನದ ಲಕ್ಷಣ ಇದೆಯಾ, ಸೂಜಿ ಪರೀಕ್ಷೆ ಏಕೆ ಬೇಕು, ಕಾದರೆ ಏನಾಗಬಹುದು ಎಂದು ಕೇಳಿ. ದನಿ ಬದಲಾಗಿದ್ದರೆ, ನುಂಗಲು ಕಷ್ಟವಾದರೆ, ಗಂಟು ಬೇಗ ಬೆಳೆಯುತ್ತಿದ್ದರೆ, ಮನೆತನದಲ್ಲಿ ಥೈರಾಯ್ಡ್ ಕ್ಯಾನ್ಸರ್ ಇದ್ದರೆ, ಚಿಕ್ಕಂದಿನಲ್ಲಿ ಕತ್ತಿಗೆ ವಿಕಿರಣ ಚಿಕಿತ್ಸೆ ಆಗಿದ್ದರೆ ಮಾತು ಬೇರೆ. ಅದನ್ನೆಲ್ಲ ಮೊದಲೇ ವೈದ್ಯರಿಗೆ ಹೇಳಿ.

ಒಂದು ಲೆಕ್ಕವನ್ನೂ ಹೇಳಿಬಿಡುತ್ತೇನೆ, ಜಾಹೀರಾತುಗಳಲ್ಲಿ ನಮ್ಮನ್ನು ಜಾಸ್ತಿ ನಂಬಿಸುವುದು ಅದೇ. ‘ಬೇಗ ಪತ್ತೆಯಾದವರಲ್ಲಿ ಐದು ವರ್ಷ ಬದುಕಿದವರು ಇಷ್ಟು ಮಂದಿ’ ಎಂದು ಹಾಕಿರುತ್ತಾರೆ. ಇಬ್ಬರಿಗೂ ಒಂದೇ ಕ್ಯಾನ್ಸರ್, ಇಬ್ಬರೂ 70ನೇ ವಯಸ್ಸಿಗೆ ತೀರಿಕೊಳ್ಳುತ್ತಾರೆ ಎಂದುಕೊಳ್ಳಿ. ಒಬ್ಬರಿಗೆ ಸ್ಕ್ಯಾನಿಂಗ್‌ನಲ್ಲಿ 60ಕ್ಕೇ ಗೊತ್ತಾಯಿತು, ಇನ್ನೊಬ್ಬರಿಗೆ ನೋವು ಬಂದು 67ಕ್ಕೆ ಗೊತ್ತಾಯಿತು. ಐದು ವರ್ಷದ ಲೆಕ್ಕದಲ್ಲಿ ಮೊದಲನೆಯವರು ಗೆದ್ದರು, ಎರಡನೆಯವರು ಸೋತರು. ಆದರೆ ಆಯಸ್ಸು ಒಂದು ದಿನವೂ ಹೆಚ್ಚಲಿಲ್ಲ. ಅದಕ್ಕೇ ಒಂದು ತಪಾಸಣೆ ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ದೊಡ್ಡ ಜನಗುಂಪಿನಲ್ಲಿ ಮಾಡಿಸಿದವರನ್ನೂ ಮಾಡಿಸದವರನ್ನೂ ಹೋಲಿಸಿ, ಎಷ್ಟು ಜನ ಸತ್ತರು ಎಂದೇ ಎಣಿಸಬೇಕು.

ಹಾಗೆ ಎಣಿಸಿದ ಒಂದು ಅಧ್ಯಯನ ನಮ್ಮ ಪಕ್ಕದಲ್ಲೇ ನಡೆಯಿತು. ನಮ್ಮ ಆಳಂದ, ಬಸವಕಲ್ಯಾಣ ತಾಲ್ಲೂಕುಗಳ ಆಚೆ ಗಡಿಯ ಉಸ್ಮಾನಾಬಾದ್ ಜಿಲ್ಲೆಯಲ್ಲಿ, ಈಗಿನ ಧಾರಾಶಿವದಲ್ಲಿ. 30ರಿಂದ 59 ವರ್ಷದ 1,31,746 ಹಳ್ಳಿ ಹೆಂಗಸರು ಅದರಲ್ಲಿದ್ದರು. ಒಂದು ಗುಂಪಿಗೆ ಒಂದೇ ಒಂದು ಸಲ, ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ವೈರಸ್ ಹುಡುಕುವ ಎಚ್‌ಪಿವಿ ಪರೀಕ್ಷೆ ಮಾಡಿ, ಬೇಕಾದವರಿಗೆ ಚಿಕಿತ್ಸೆ ಕೊಟ್ಟರು. ಎಂಟು ವರ್ಷದಲ್ಲಿ ಆ ಗುಂಪಿನಲ್ಲಿ ಗರ್ಭಕಂಠದ ಕ್ಯಾನ್ಸರಿನಿಂದ ಸತ್ತವರು 34. ತಪಾಸಣೆ ಇಲ್ಲದೆ ಮಾಮೂಲಿ ಆರೈಕೆಯಲ್ಲಿದ್ದ ಗುಂಪಿನಲ್ಲಿ 64. ಆ 64 ಜನರ ಬಗ್ಗೆ, ಅವರಿಗೂ ತಪಾಸಣೆ ಸಿಗಬೇಕಿತ್ತು ಎಂದು ಆಮೇಲೆ ದೊಡ್ಡ ತಕರಾರು ಎದ್ದಿತು. ನನಗೂ ಆ ತಕರಾರು ನ್ಯಾಯವಾದದ್ದು ಅನ್ನಿಸುತ್ತದೆ. ಅವರು ಜೀವ ತೆತ್ತು ತಿಳಿದ ಸಂಗತಿಯನ್ನು ನಾವು ಬಳಸದೆ ಕೂತಿರುವುದು ಇನ್ನೂ ದೊಡ್ಡ ಅನ್ಯಾಯ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಈ ತಪಾಸಣೆ ಒಮ್ಮೆಯಾದರೂ ಆಗಿರುವ ಹೆಂಗಸರು ನೂರಕ್ಕೆ ಇಬ್ಬರೂ ಇಲ್ಲ.

ಮುಂಬೈಯ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು ಇನ್ನೂ ಅಗ್ಗದ ದಾರಿ ತೋರಿಸಿದರು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಹತ್ತಿಯಲ್ಲಿ ತೆಳು ಅಸಿಟಿಕ್ ಆಸಿಡ್ ಅದ್ದಿ ಗರ್ಭಕಂಠಕ್ಕೆ ಹಚ್ಚುತ್ತಾರೆ. ಒಂದು ನಿಮಿಷ ಬಿಟ್ಟು ದೀಪದ ಬೆಳಕಿನಲ್ಲಿ ನೋಡುತ್ತಾರೆ. ಬಿಳಿ ಮಚ್ಚೆ ಕಂಡರೆ ಮುಂದಿನ ಪರೀಕ್ಷೆಗೆ ಕಳಿಸುತ್ತಾರೆ. ಎರಡು ವರ್ಷಕ್ಕೊಮ್ಮೆ ಹೀಗೆ ನಾಲ್ಕು ಸುತ್ತು ಮಾಡಿದ್ದಕ್ಕೆ ಸಾವು ಶೇ. 31ರಷ್ಟು ಇಳಿಯಿತು. ಕೇರಳದಲ್ಲಿ ತಂಬಾಕು, ಮದ್ಯ ಬಳಸುವವರ ಬಾಯಿ ಪರೀಕ್ಷೆಯಿಂದಲೂ ಇಂಥದ್ದೇ ಲಾಭ ಕಂಡಿದೆ.

ನೀವು ಪತ್ರದ ಜೊತೆ ಕಳಿಸಿದ ಪ್ಯಾಕೇಜ್ ಪಟ್ಟಿಯನ್ನು ಓದಿದೆ. ಕತ್ತಿನ ಸ್ಕ್ಯಾನಿಂಗ್ ಇದೆ, ಗರ್ಭಕಂಠದ ಪರೀಕ್ಷೆ ಇಲ್ಲ, ಬಾಯಿ ಪರೀಕ್ಷೆಯೂ ಇಲ್ಲ. ಮುಂದಿನ ವರ್ಷ ಸಂಘದವರು ಕೇಳಿದಾಗ ಕತ್ತಿನ ಸ್ಕ್ಯಾನಿಂಗ್ ತೆಗೆಸಿ, ಈ ಎರಡನ್ನು ಸೇರಿಸಲು ಹೇಳಿ. ಅಲ್ಲಿಯವರೆಗೆ ಕಾಯಬೇಕಿಲ್ಲ. 30 ದಾಟಿದವರಿಗೆ ಬಿಪಿ, ಶುಗರ್, ಬಾಯಿ, ಸ್ತನ, ಗರ್ಭಕಂಠದ ತಪಾಸಣೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಮಾಡಬೇಕೆಂದು ಸರ್ಕಾರದ ಕಾರ್ಯಕ್ರಮವೇ ಇದೆ. ನಿಮ್ಮ ಬಡಾವಣೆಯ ಆಶಾ ಕಾರ್ಯಕರ್ತೆಯನ್ನು ಕೇಳಿ, ಯಾವ ದಿನ ಮಾಡುತ್ತಾರೆ ಎಂದು ಅವರೇ ಹೇಳುತ್ತಾರೆ.